ಗಂಗೊಳ್ಳಿಯಿಂದ ಘಟ್ಟ ಹತ್ತಿ ಹಾಯಿದೋಣಿ ನೋಡಿದ್ದು

ಕುಂದಾಪುರದ ಪಕ್ಕದ ಮೀನುಗಾರಿಕೆ ಬಂದರು ಗಂಗೊಳ್ಳಿಯವನೊಬ್ಬ ದೋಣಿ ನೋಡಲು ಬೆಂಗಳೂರಿಗೆ ಹೋದ ಎಂದರೆ ನಮ್ಮೂರಲ್ಲಿ ನಗುತ್ತಾರೆ. ನಾನು ಹೋದದ್ದೇನೂ ಅದಕ್ಕಲ್ಲ. ಮಗಳು ಪಿಜಿ ಬದಲಾಯಿಸಬೇಕಿತ್ತು, ಸಾಮಾನು ಹೊರಲು ಅಪ್ಪ ಬೇಕಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡದಲ್ಲಿ. ಹಗ್ಗ, ಬಲೆ, ತಂಗೂಸು (ಮೀನು ಹಿಡಿಯುವ ನೈಲಾನ್ ದಾರ) ಮಾರುವ ನನ್ನ ಅಂಗಡಿಯಲ್ಲಿ ನೊಣ ಹೊಡೆಯುವ ಕಾಲ. ಕುಂದಾಪುರದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆ, ಬೆಳಿಗ್ಗೆ ಯಶವಂತಪುರದಲ್ಲಿ ಇಳಿದೆ.

ಪಿಜಿ ಕಥೆ ಬರೆಯುವಂಥದ್ದಲ್ಲ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಷ್ಟೇ.

ಶನಿವಾರ ರಾತ್ರಿ ಭಾವನ ಮನೆಯಲ್ಲಿ ಊಟ. ಅವರು ಬೆಂಗಳೂರು ಸೇರಿ ಎಷ್ಟು ವರ್ಷವಾದರೂ ನನ್ನನ್ನು ಕಂಡರೆ ಕುಂದಾಪುರದ ಮಾತೇ ಬರುತ್ತದೆ. "ಹ್ವಾಯ್ ಭಾವ, ನಾಳೆ ಬೆಳಿಗ್ಗೆ ಕೆರಿ ಬದಿಗೆ ಬನಿ. ರಿಮೋಟ್ ದೋಣಿ ರೇಸ್ ಇತ್ತ್" ಎಂದರು. ಜಾತ್ರೆಯಲ್ಲಿ ಸಿಗುವ ಬ್ಯಾಟರಿ ದೋಣಿ ಇರಬೇಕು ಅಂದುಕೊಂಡೆ. ದೊಡ್ಡವರಿಗೆ ಬೇರೆ ಕೆಲಸ ಇಲ್ವಾ ಅಂತಲೂ ಅನ್ನಿಸಿತು. ಆದರೂ ಹೂಂ ಎಂದೆ, ಆಮೇಲೆ ಮಸಾಲೆ ದೋಸೆ ಕೊಡಿಸುತ್ತೇನೆ ಅಂದಿದ್ದರು.

ಭಾವ ವಾಕಿಂಗ್‌ಗೆಂದು ಆರಕ್ಕೇ ಹೋಗಿದ್ದರು. ನಾನು ಆಮೇಲೆ ಆಟೊ ಹಿಡಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು, ನನಗಿನ್ನೂ ಸಿಟ್ಟು ಇಳಿದಿಲ್ಲ. ಬೆಂಗಳೂರಿನ ಕೆರೆಗಳಿಗೆ ಒಂದೇ ಗೇಟು ಇರುವುದಿಲ್ಲ. ಫೋನಿನ ಮ್ಯಾಪ್‌ಗೆ ಕೆರೆಯ ಹೆಸರು ಹಾಕಿದರೆ ಅದು ಯಾವುದೋ ಒಂದು ಅಂಚಿಗೆ ತಂದು ಬಿಡುತ್ತದೆ. ನನ್ನನ್ನು ಬಿಟ್ಟದ್ದು ಹಿಂದಿನ ಗೇಟಿಗೆ. ಅದಕ್ಕೆ ತುಕ್ಕು ಹಿಡಿದ ಬೀಗ. ಆಟೊದವನು ದುಡ್ಡು ತಗೊಂಡು ಹೋಗಿ ಆಗಿತ್ತು. ಒಳಗಿದ್ದ ಕಾವಲುಗಾರ, "ಮೇನ್ ಗೇಟ್ ಆ ಕಡೆ ಸಾರ್, ಸುತ್ಕೊಂಡ್ ಬನ್ನಿ" ಎಂದು ಕೈ ಬೀಸಿದ. ಸುತ್ತುವ ದಾರಿಯಲ್ಲಿ ರಾಜಕಾಲುವೆ, ಅದರ ವಾಸನೆ, ಮುಂದೆ ಅಗೆದು ಹಾಗೇ ಬಿಟ್ಟ ರಸ್ತೆ, ರಾತ್ರಿ ಮಳೆಯ ಕೆಸರು. ನೀವು ಹೋಗುವುದಾದರೆ ಯಾವ ಗೇಟು ಎಂದು ಮೊದಲು ಕೇಳಿ, ಆ ಗೇಟಿನ ಎದುರಿನ ಅಂಗಡಿಯೋ ದೇವಸ್ಥಾನವೋ ಹೆಸರು ತಿಳಿದುಕೊಂಡು ಆಟೊ ಹತ್ತಿ. ಬಿಳಿ ಪಂಚೆ ಉಡಬೇಡಿ.

ಕೆರೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆಡುವವರೇ ಬೇಡ ಎಂದರು. ಹಿಂದೊಮ್ಮೆ ಯಾರೋ ರೀಲ್ಸ್ ಮಾಡಲು ಡ್ರೋನ್ ಹಿಡಿದು ಬಂದು ರಂಪವಾಗಿತ್ತಂತೆ. ಹಲಸೂರು ಕೆರೆ ಅಲ್ಲ, ಸ್ಯಾಂಕಿ ಕೆರೆಯೂ ಅಲ್ಲ. ಅಷ್ಟು ಹೇಳಬಹುದು.

ಏರಿ ಹತ್ತಿದಾಗ ಮೊದಲು ಕಂಡದ್ದು ಹಾಯಿಗಳು. ಬಿಳಿ, ತೆಳು, ಏಳೆಂಟು. ನೀರಿನ ಮೇಲೆ ವಾಲಿಕೊಂಡು ಹೋಗುತ್ತಿದ್ದವು. ಸದ್ದೇ ಇಲ್ಲ. ದಡದಲ್ಲಿ ಕೊರಳಿಗೆ ರಿಮೋಟ್ ನೇತುಹಾಕಿಕೊಂಡ ಗಂಡಸರು, ಇಬ್ಬರು ಹೆಂಗಸರು, ಒಂದೇ ಸಾಲಿನಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು. ಭಾವ ನನ್ನನ್ನು ಟೋಪಿ ಹಾಕಿದ್ದ ಒಬ್ಬ ಹಿರಿಯರ ಪಕ್ಕ ನಿಲ್ಲಿಸಿ, "ಇವರು ಗಂಗೊಳ್ಳಿಯವರು, ಬೋಟ್ ಸಾಮಾನಿನ ಅಂಗಡಿ ಇದೆ" ಎಂದು ಹೇಳಿ ಇನ್ನೊಂದು ಸುತ್ತು ನಡೆಯಲು ಹೋದರು.

"ಮೋಟರ್ ಎಷ್ಟು ದೊಡ್ಡದು ಸಾರ್?" ನಾನು ಕೇಳಿದ ಮೊದಲ ಪ್ರಶ್ನೆ.

"ಮೋಟರ್ ಇಲ್ಲ" ಎಂದರು.

ಅವರ ದೋಣಿ ಮರದ ಸ್ಟ್ಯಾಂಡಿನ ಮೇಲೆ ಇತ್ತು, ಬಗ್ಗಿ ತೋರಿಸಿದರು. ಉದ್ದ ಒಂದು ಮೀಟರ್, ಅದಕ್ಕಿಂತ ಒಂದು ಮಿಲಿಮೀಟರ್ ಜಾಸ್ತಿ ಇದ್ದರೂ ರೇಸಿಗೆ ಸೇರಿಸುವುದಿಲ್ಲ. ಜಾತಿಯ ಹೆಸರು ಇಂಟರ್‌ನ್ಯಾಷನಲ್ ಒನ್ ಮೀಟರ್, ಬಾಯಲ್ಲಿ ಐಓಎಂ. ಒಟ್ಟು ತೂಕ 4 ಕಿಲೋಗಿಂತ ಕಡಿಮೆ ಇರಬಾರದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೂಕ ಅಡಿಯಲ್ಲಿ. ದೋಣಿಯ ಹೊಟ್ಟೆಯಿಂದ ಒಂದು ತೆಳು ರೆಕ್ಕೆ ಕೆಳಗೆ ಇಳಿದಿದೆ, ಅದರ ತುದಿಗೆ ಬಂಗುಡೆ ಮೀನಿನಂಥ ಸೀಸದ ಗುಂಡು. ಗಾಳಿ ಎಷ್ಟೇ ತಳ್ಳಲಿ, ಈ ಸೀಸ ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಮೇಲೆ ಉದ್ದನೆಯ ಕಂಬ. ಡೆಕ್ಕಿನ ಮೇಲೆ ಒಂದು ಸಣ್ಣ ಕಿಂಡಿ, ಅದಕ್ಕೆ ಅಂಟುವ ಹಾಯಿಬಟ್ಟೆಯ ಚೂರು ಮೆತ್ತಿ ನೀರು ಹೋಗದಂತೆ ಮುಚ್ಚಿದ್ದರು. ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಒಳಗೆ ತೋರಿಸಿದರು. ಒಂದು ಪುಟ್ಟ ಬ್ಯಾಟರಿ, ರೇಡಿಯೊ, ಎರಡು ಸರ್ವೊ, ಅಂದರೆ ರಿಮೋಟ್ ಹೇಳಿದಂತೆ ತಿರುಗುವ ಪುಟ್ಟ ಯಂತ್ರ. ಒಂದು ಚುಕ್ಕಾಣಿ ತಿರುಗಿಸುತ್ತದೆ. ಇನ್ನೊಂದು ಹಾಯಿಯ ದಾರ ಬಿಡುತ್ತದೆ, ಎಳೆಯುತ್ತದೆ. ರಿಮೋಟಿನಲ್ಲಿ ಎರಡೇ ಕಡ್ಡಿ. ಮೂರನೆಯದಕ್ಕೆ ಅನುಮತಿಯೇ ಇಲ್ಲ.

"ಮುಂದೆ ಹೋಗೋದು?"

"ಅದು ಗಾಳಿ ಕೆಲಸ. ನಮ್ಮದಲ್ಲ."

ಇದು ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಕಡೆ ನಾಡದೋಣಿಗೂ ಈಗ ಎಂಜಿನ್. ಸೀಮೆಎಣ್ಣೆ ಸಿಗದಿದ್ದರೆ ಪ್ರತಿಭಟನೆ. ಹಾಯಿ ಕಟ್ಟಿದ ದೋಣಿ ಕಣ್ಣಿಗೆ ಬಿದ್ದು ಎಷ್ಟೋ ಕಾಲವಾಯಿತು. ಸಮುದ್ರದಿಂದ 900 ಮೀಟರ್ ಎತ್ತರದಲ್ಲಿ, ದೊಡ್ಡ ಹೊಳೆಯೇ ಇಲ್ಲದ ಊರಲ್ಲಿ, ಮಳೆನೀರಿಗೆ ಏರಿ ಕಟ್ಟಿ ನಿಲ್ಲಿಸಿದ ಕೆರೆಯಲ್ಲಿ ಗಾಳಿ ನಂಬಿಕೊಂಡು ಹೋಗುವ ದೋಣಿ! ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ನೀವು ಸಮುದ್ರದವರು. ಗಾಳಿ ಯಾವ ಕಡೆಯಿಂದ, ಹೇಳಿ ನೋಡೋಣ" ಎಂದರು ಹಿರಿಯರು.

ಆಷಾಢದಲ್ಲಿ ಇದೂ ಒಂದು ಪ್ರಶ್ನೆಯಾ? "ಪಡುಗಾಳಿ" ಎಂದೆ.

"ಇಲ್ಲಿ ಹೌದು. ಆ ಮೂಲೆ ನೋಡಿ."

ಪಡುವಣ ದಡದಲ್ಲಿ ಎತ್ತರದ ಅಪಾರ್ಟ್‌ಮೆಂಟ್. ಅದರ ಮುಂದಿನ ನೀರಿನಲ್ಲಿ ಸುಕ್ಕುಗಳು ನಮ್ಮ ಕಡೆ ಬರುವ ಬದಲು ಅಡ್ಡ ಹೋಗುತ್ತಿದ್ದವು. ನಡುವೆ ಒಂದು ಜಾಗ ನುಣ್ಣಗೆ, ಏನೂ ಇಲ್ಲ.

"ಗಾಳಿ ಆ ಬಿಲ್ಡಿಂಗಿನ ಎರಡೂ ಕಡೆಯಿಂದ ಸುತ್ತಿಕೊಂಡು ಬರುತ್ತೆ. ಮಧ್ಯೆ ಸತ್ತ ಜಾಗ. ಮೊದಲು ಅಲ್ಲಿ ಮಾವಿನ ತೋಪಿತ್ತು, ಒಳ್ಳೆ ಗಾಳಿ ಬರ್ತಿತ್ತು. ಜನ ಬಿಲ್ಡರ್ ಜಾಗ ತಗೊಂಡ ಅಂತಾರೆ. ನಮ್ಮ ಲೆಕ್ಕದಲ್ಲಿ ಅವನು ಗಾಳಿ ತಗೊಂಡ."

ಆಮೇಲೆ ನೀರು ಓದುವುದು ಹೇಗೆ ಎಂದು ಹೇಳತೊಡಗಿದರು. ನೀರು ಕಪ್ಪಗೆ ಕಂಡ ಕಡೆ ಗಾಳಿ ಬೀಸುತ್ತಿದೆ, ಬೆಳ್ಳಗೆ ಹೊಳೆಯುವ ಕಡೆ ಇಲ್ಲ. ಇದು ನಮಗೂ ಗೊತ್ತು. ಗೊತ್ತಿಲ್ಲದ್ದೆಂದರೆ, ದಡದಲ್ಲಿ ನಿಂತು ಓಡಿಸುವ ಕಷ್ಟ. ದೋಣಿ ನಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ. ತಿರುಗಿ ನಮ್ಮ ಕಡೆ ಬಂದಾಗ ಎಡಬಲ ಅದಲುಬದಲು. ಹೊಸಬರಿಗೆ ದೋಣಿ ಹೋಗುವ ದಿಕ್ಕಿಗೆ ಮೈ ತಿರುಗಿಸಿ, ತಲೆ ಮಾತ್ರ ಹಿಂದೆ ಹೊರಳಿಸಿ ನಿಲ್ಲಲು ಹೇಳುತ್ತಾರಂತೆ. ಒಬ್ಬ ಹುಡುಗ ನಿಜಕ್ಕೂ ಹಾಗೇ ನಿಂತಿದ್ದ. ರೇಡಿಯೊ ಬರುವ ಮುಂಚೆ ಇಂಗ್ಲೆಂಡಿನಲ್ಲಿ ಇನ್ನೂ ಮಜವಿತ್ತು, ಕೊಳದ ಎರಡೂ ದಡದಲ್ಲಿ ಕೋಲು ಹಿಡಿದು ಓಡಿ, ದಡ ಮುಟ್ಟಿದ ದೋಣಿಯನ್ನು ತಿರುಗಿಸಿ ಬಿಡುತ್ತಿದ್ದರು ಎಂದರು.

ಅಷ್ಟರಲ್ಲಿ ಸಣ್ಣ ಸ್ಪೀಕರ್ ಕೂಗತೊಡಗಿತು. ಒಂದು ನಿಮಿಷದ ಎಣಿಕೆ. ನೀರಿನಲ್ಲಿ ತೇಲುವ ಎರಡು ಗುರುತುಗಳ, ಅಂದರೆ ಬೋಯಾಗಳ, ನಡುವಿನ ಗೆರೆಯೇ ಆರಂಭ. ದೋಣಿಗೆ ನಿಲ್ಲಲು ಬರುವುದಿಲ್ಲವಲ್ಲ, ಹಾಗಾಗಿ ಎಲ್ಲ ದೋಣಿಗಳೂ ಗೆರೆಯ ಹಿಂದೆ ಸುತ್ತುತ್ತಾ, ಹಾಯಿ ಬಿಟ್ಟು ಬಡಿಸುತ್ತಾ ಹೊತ್ತು ಕಳೆಯುತ್ತವೆ. ಕೊನೆಯ ಹತ್ತು ಸೆಕೆಂಡಿನಲ್ಲಿ ಎಲ್ಲರೂ ಹಾಯಿ ಎಳೆದು ಒಮ್ಮೆಲೇ ನುಗ್ಗಿದರು. ಗಾಳಿಗೆ ಎದುರಾಗಿ ನೇರ ಹೋಗಲು ಆಗದು. ಓರೆಯಾಗಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಅಲ್ಲೇ ಗುದ್ದಾಟ.

"ಸ್ಟಾರ್‌ಬೋರ್ಡ್! ಸ್ಟಾರ್‌ಬೋರ್ಡ್!" ಎಂದು ಒಬ್ಬರು ಕೂಗಿದರು. ಬಲಗಡೆಯಿಂದ ಗಾಳಿ ಪಡೆದು ಹೋಗುವ ದೋಣಿಗೆ ಎಡಗಡೆಯಿಂದ ಪಡೆಯುವುದು ದಾರಿ ಬಿಡಬೇಕು. ಸಮುದ್ರದಲ್ಲಿ ದೊಡ್ಡ ಹಾಯಿಹಡಗುಗಳಿಗೂ ಅದೇ ನಿಯಮ. ನೀಲಿ ಟೀಶರ್ಟಿನ ಹುಡುಗನ ದೋಣಿ ತಪ್ಪಿಸಿಕೊಳ್ಳಲು ತಡ ಮಾಡಿತು. ಮುಟ್ಟಿತೋ ಇಲ್ಲವೋ ನಮಗೆ ಕಾಣಲಿಲ್ಲ. ಅಷ್ಟು ದೂರದಲ್ಲಿ ಎರಡು ದೋಣಿಗಳ ನಡುವೆ ಎಷ್ಟು ಜಾಗವಿದೆ ಎಂದು ದಡದಲ್ಲಿ ನಿಂತವನಿಗೆ ಗೊತ್ತಾಗುವುದೇ ಇಲ್ಲ. ಕೂಗಿದವರಿಗೂ ಗ್ಯಾರಂಟಿ ಇರಲಿಲ್ಲ, "ಆಯ್ತು ಬಿಡು" ಎನ್ನುವ ಮುಖ ಮಾಡಿದರು.

ಹುಡುಗ ಎರಡನೇ ಸ್ಥಾನದಲ್ಲಿದ್ದ. "ತಾಗಿತು ಸಾರ್, ನಂದೇ" ಎಂದ. ಗುಂಪಿನಿಂದ ಹೊರಗೆ ಬಂದು, ದೋಣಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸಿದ. ಅದೇ ಶಿಕ್ಷೆ. ಸುತ್ತು ಮುಗಿಯುವಷ್ಟರಲ್ಲಿ ಅವನು ಕೊನೆಯವನಾಗಿದ್ದ. ಯಾರೂ ಭೇಷ್ ಎನ್ನಲಿಲ್ಲ. ಅದು ಮಾಮೂಲು ಎನ್ನುವ ಹಾಗೆ ಎಲ್ಲರೂ ತಮ್ಮ ತಮ್ಮ ದೋಣಿ ನೋಡುತ್ತಿದ್ದರು. ನನಗೆ ಮಾತ್ರ ಬೆಳಿಗ್ಗೆ ಒನ್‌ವೇಯಲ್ಲಿ ಎದುರಿನಿಂದ ನುಗ್ಗಿ ಬಂದು ನಮ್ಮ ಆಟೊದವನಿಗೇ ಬೈದ ಬೈಕಿನವನು ನೆನಪಾದ.

"ಅಂಪೈರ್ ಇಲ್ವಾ ಸಾರ್?"

"ಒಬ್ಬರು ಸ್ಟಾರ್ಟ್, ಫಿನಿಶ್ ನೋಡ್ತಾರೆ. ಮಿಕ್ಕಿದ್ದು ನಾವೇ. ಸುಳ್ಳು ಹೇಳಿ ಗೆದ್ದರೆ ಮುಂದಿನ ಭಾನುವಾರವೂ ಇವರ ಪಕ್ಕದಲ್ಲೇ ನಿಲ್ಲಬೇಕಲ್ಲ."

ಮುಂದಿನ ರೇಸ್‌ಗಳು ಒಂದರ ಹಿಂದೊಂದು ನಡೆದವು. ಗೆದ್ದವರಿಗೆ 1 ಅಂಕ, ಎರಡನೆಯವರಿಗೆ 2. ಕೊನೆಗೆ ಕಡಿಮೆ ಅಂಕದವರು ಗೆದ್ದಂತೆ. ಗಾಳಿ ಏರಿದಾಗ ಕೆಲವರು ದೋಣಿ ಎತ್ತಿ, ಕಂಬ ಸಮೇತ ಹಾಯಿ ಕಳಚಿ ಸಣ್ಣದನ್ನು ಹಾಕಿದರು. ಒಬ್ಬೊಬ್ಬರ ಹತ್ತಿರ ದೊಡ್ಡದು, ಮಧ್ಯದ್ದು, ಸಣ್ಣದು ಎಂದು ಮೂರು ಜೊತೆ.

ಆಮೇಲೆ ಒಂದು ದೋಣಿ ಆ ಅಪಾರ್ಟ್‌ಮೆಂಟಿನ ಸತ್ತ ಜಾಗಕ್ಕೆ ಸಿಕ್ಕಿತು. ಅಡಿಯ ರೆಕ್ಕೆಗೆ ಕಳೆ ಬೇರೆ ಸುತ್ತಿಕೊಂಡಿತ್ತು. ಕೆರೆಯ ಅಂಚು ಬಳಸಿ ಅಲ್ಲಿಗೆ ಹೋದೆವು. ಅವರ ಚೀಲದಿಂದ ಬಂದದ್ದು ಒಂದು ಟೆನ್ನಿಸ್ ಚೆಂಡು, ಅದಕ್ಕೆ ಕಟ್ಟಿದ ಹತ್ತಿ ದಾರ. ಚೆಂಡನ್ನು ದೋಣಿಯ ಆಚೆಗೆ ಎಸೆದು, ದಾರ ಕಂಬಕ್ಕೆ ಸಿಕ್ಕುವಂತೆ ಮಾಡಿ ಎಳೆಯಬೇಕು. ಉಪಾಯ ಒಳ್ಳೆಯದೇ. ದಾರ ಮಾತ್ರ ದರಿದ್ರ. ನೀರು ಕುಡಿದು ಭಾರವಾಗಿ, ಕೈಯಲ್ಲೇ ಗೋಜಲಾಗುತ್ತಿತ್ತು. ಮೂವರು ಎಸೆದರು, ಮುಟ್ಟಲಿಲ್ಲ. ನಾನು ದಾರವನ್ನು ನೆಲದ ಮೇಲೆ ಸಡಿಲವಾಗಿ ಸುರುಳಿ ಹಾಕಿ, ಕೆಳಗಿನಿಂದ ಬೀಸಿ ಎಸೆದೆ. ನಮ್ಮ ಕಡೆ ಬೋಟಿನಿಂದ ಧಕ್ಕೆಗೆ (ಬೋಟು ಕಟ್ಟುವ ಕಟ್ಟೆಗೆ) ಹಗ್ಗ ಎಸೆಯುವುದು ಹೀಗೇ. ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗ ಸುತ್ತು ತಿರುಗಿಸಿದಾಗ ತಟ್ಟದವರು ಇದಕ್ಕೆ ತಟ್ಟಿದ್ದು ನನಗೆ ಅಷ್ಟು ಸರಿ ಕಾಣಲಿಲ್ಲ.

"ಇದಕ್ಕೆ ತಂಗೂಸು ಕಟ್ಟಿ ಸಾರ್. ನೀರು ಕುಡಿಯಲ್ಲ" ಎಂದೆ. ಹಿರಿಯರು ಅಲ್ಲೇ ನಿಂತು ದಪ್ಪ ಎಷ್ಟು, ಬಿಸಿಲಿಗೆ ಎಷ್ಟು ದಿನ ತಡೆಯುತ್ತೆ, ಎಂಥ ಗಂಟು ಜಾರುವುದಿಲ್ಲ ಎಂದು ಒಂದೊಂದಾಗಿ ಕೇಳಿದರು. ಗಂಟು ಹಾಕಿ ತೋರಿಸಿದೆ. ನೀಲಿ ಟೀಶರ್ಟಿನ ಹುಡುಗ ಫೋನಿನಲ್ಲಿ ಅದರ ವಿಡಿಯೊ ಮಾಡಿಕೊಂಡ.

ದೋಸೆ ಸಾಧಾರಣ. ಚಟ್ನಿಗೆ ಪುದೀನ ಹಾಕಿ ಹಾಳು ಮಾಡಿದ್ದರು.

ಊರಿಗೆ ಬಂದ ವಾರ ಒಂದು ಉಂಡೆ ತಂಗೂಸು ಆ ಹಿರಿಯರಿಗೆ ಕೊರಿಯರ್ ಮಾಡಿದೆ. ಕೊರಿಯರ್ ಖರ್ಚು ಸರಕಿನ ಬೆಲೆಗಿಂತ ಜಾಸ್ತಿಯಾಯಿತು. ಹಣ ಬೇಡ ಎಂದರೂ ಅವರು ಫೋನ್‌ಪೇಯಲ್ಲಿ ಎರಡನ್ನೂ ಸೇರಿಸಿ ಹಾಕಿದರು, ಕೆಳಗೆ ಇನ್ನೆರಡು ಉಂಡೆ ಕಳಿಸಿ ಎಂದು ಬರೆದಿದ್ದರು.