ಐದೂವರೆ ಗಂಟೆ ದೂರ ಹೋದ ಕಪ್ಪೆ

14 ಸೆಪ್ಟೆಂಬರ್ 2025, ಭಾನುವಾರ ರಾತ್ರಿ

ಅಕ್ಕನ ಮಗ ಆಗುಂಬೆಯಿಂದ ನೇರ ಇಲ್ಲಿಗೇ ಬಂದ. ಬೂಟಿನಲ್ಲಿ ಇನ್ನೂ ಇಂಬಳ ಇತ್ತು. ಚೀಲ ಇಳಿಸುವ ಮೊದಲೇ ಲ್ಯಾಪ್‌ಟಾಪ್ ತೆರೆದ.

"ಮಾಮ, ಈ ಜಿಪಿಎಸ್ ಲಾಗರ್ ಕೆಟ್ಟಿದೆ, ನೋಡಿ." ಹೋದ ದಾರಿಯನ್ನು ಸಮಯದ ಜೊತೆ ಬರೆದಿಡುವ ಸಾಧನ ಅದು.

ಬೆಳಿಗ್ಗೆ 10:10ಕ್ಕೆ ತೆಗೆದ ಹಾರುಕಪ್ಪೆಯ ಚಿತ್ರ. ಹಳ್ಳದ ಮೇಲೆ ಬಾಗಿದ ಎಲೆ, ಎಲೆಗಂಟಿದ ನೊರೆಗೂಡು. ನಕ್ಷೆಯಲ್ಲಿ ಮಾತ್ರ ಅದು ತೀರ್ಥಹಳ್ಳಿ ಪೇಟೆಯ ನಡುವೆ ಕೂತಿತ್ತು.

"ಮಧ್ಯಾಹ್ನ ಮೂರು ನಲವತ್ತಕ್ಕೆ ಎಲ್ಲಿದ್ದೆ?"

"ತೀರ್ಥಹಳ್ಳೀಲಿ, ಕಾಫಿ ಕುಡೀತಿದ್ದೆ."

"ಹಾಗಾದ್ರೆ ಲಾಗರ್ ಸರಿಯಾಗೇ ಇದೆ. ಹತ್ತೂ ಹತ್ತಕ್ಕೆ ಐದೂವರೆ ಗಂಟೆ ಕೂಡಿಸು."

ಲಾಗರ್‌ನ ಜಿಪಿಎಕ್ಸ್ ಎಂಬ ಜಾಡಿನ ಫೈಲಿನಲ್ಲಿರುವುದು ಯುಟಿಸಿ, ಅಂದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಕ್ಯಾಮೆರಾದಲ್ಲಿರುವುದು ನಮ್ಮ ಗಡಿಯಾರದ ಸಮಯ. ಅದು ಯಾವ ಕಾಲವಲಯದ್ದು ಎಂದು ಬರೆದಿಡಲು, ಚಿತ್ರದ ಫೈಲಿನೊಳಗೇ ಸೇರುವ ವಿವರಪಟ್ಟಿಯಾದ ಎಕ್ಸಿಫ್‌ನಲ್ಲಿ ಜಾಗ ಬಂದದ್ದೇ 2016ರಲ್ಲಿ, 2.31ನೇ ಆವೃತ್ತಿಯಲ್ಲಿ, ಇವನ ಕ್ಯಾಮೆರಾ ಅದಕ್ಕಿಂತ ಹಳೆಯದು. ಚಿತ್ರದ ಸಮಯವನ್ನು ಜಾಡಿನ ಸಮಯಕ್ಕೆ ಹೊಂದಿಸಿ ಜಾಗ ಅಂಟಿಸುವ ಎಕ್ಸಿಫ್‌ಟೂಲ್ ತಂತ್ರಾಂಶದಲ್ಲಿ ಕಾಲವಲಯ ಸೊನ್ನೆಗೆ ಇತ್ತು, ಹಾಗಾಗಿ ಬೆಳಗಿನ ಕಪ್ಪೆಗೆ ಮಧ್ಯಾಹ್ನದ ಜಾಗ ಅಂಟಿತು. ಸಂಜೆಯ ಚಿತ್ರಗಳಿಗೆ ಜಾಗವೇ ಸಿಕ್ಕಿರಲಿಲ್ಲ, ಆ ಹೊತ್ತಿನ ಜಾಡು ಫೈಲಿನಲ್ಲಿಲ್ಲ. +5:30 ಕೊಟ್ಟ ಕೂಡಲೇ ಕಪ್ಪೆ ಕಾಡಿಗೆ ಮರಳಿತು.

ಹಳ್ಳಕ್ಕೆ ಮಾತ್ರ ಮರಳಲಿಲ್ಲ. ಕಾಲುದಾರಿಯಲ್ಲಿ ನೂರು ಮೀಟರ್ ಮುಂದಿತ್ತು. ಲಾಗರ್‌ನ ಪರದೆಯನ್ನೇ, ಸೆಕೆಂಡು ಕಾಣುವ ಹಾಗೆ, ಈಗ ಕ್ಯಾಮೆರಾದಲ್ಲಿ ತೆಗೆಸಿ ನೋಡಿದರೆ ಕ್ಯಾಮೆರಾ 100 ಸೆಕೆಂಡು ಮುಂದೆ. ಗಂಟೆಗೆ 4 ಕಿ.ಮೀ. ನಡಿಗೆಯಲ್ಲಿ ಅದು 110 ಮೀಟರ್, 40 ಕಿ.ಮೀ. ವೇಗದ ಜೀಪಿನಲ್ಲಿ ಒಂದು ಕಿಲೋಮೀಟರ್ ದಾಟುತ್ತದೆ. ಎಕ್ಸಿಫ್‌ಟೂಲ್‌ನಲ್ಲಿ ಈ ವ್ಯತ್ಯಾಸ ತಿದ್ದುವ ಜಿಯೋಸಿಂಕ್‌ಗೆ ಮೈನಸ್ 100 ಕೊಡಬೇಕು. ಕ್ಯಾಮೆರಾ ಮುಂದಿದ್ದರೆ ಮೈನಸ್, ಹಿಂದಿದ್ದರೆ ಪ್ಲಸ್. ಇದನ್ನು ತಿರುಗಾಮುರುಗಾ ಮಾಡಿದರೆ ತಪ್ಪು ಇಮ್ಮಡಿಯಾಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಪರದೆಯ ಆ ಒಂದು ಚಿತ್ರವನ್ನು ಪ್ರತಿ ದಿನ ಹೊರಡುವಾಗಲೇ ತೆಗೆದಿಡಬೇಕು.

"ಕ್ಯಾಮೆರಾ ಮೇಲೇ ಕೂರಿಸೋ ಜಿಪಿಎಸ್ ತಗೊಂಡ್ರೆ ಈ ರಗಳೆ ಇರಲ್ಲ ಅಲ್ವಾ?"

ಗಡಿಯಾರದ ರಗಳೆ ಇರುವುದಿಲ್ಲ, ನಿಜ. ಬೇರೆಯದು ಬರುತ್ತದೆ. ನಿಕಾನ್ ಜಿಪಿ-1ಕ್ಕೆ ಸ್ವಂತ ಬ್ಯಾಟರಿ ಇಲ್ಲ, ಕ್ಯಾಮೆರಾದ್ದನ್ನೇ ತಿನ್ನುತ್ತದೆ. ಬ್ಯಾಟರಿ ಉಳಿಸಲು ಕ್ಯಾಮೆರಾದ ಬೆಳಕಿನ ಮೀಟರ್ ತಾನಾಗಿ ಆರುವಂತೆ ಇಟ್ಟರೆ ಅದೂ ಮಲಗುತ್ತದೆ. ಆಮೇಲೆ ಗಡಿಬಿಡಿಯಲ್ಲಿ ಒಮ್ಮೆಗೇ ಶಟರ್ ಪೂರ್ತಿ ಒತ್ತಿದರೆ ಆ ಚಿತ್ರಕ್ಕೆ ಸ್ಥಳ ಇಲ್ಲ. ಅರ್ಧ ಒತ್ತಿ ಕಾಯಬೇಕು. ದೀಪ ಕೆಂಪಾಗಿ ಮಿನುಗಿದರೆ ಏನೂ ಸಿಕ್ಕಿಲ್ಲ, ಹಸಿರಾಗಿ ಮಿನುಗಿದರೆ ಮೂರು ಉಪಗ್ರಹ, ಹಸಿರು ಸ್ಥಿರವಾಗಿ ನಿಂತರೆ ನಾಲ್ಕು ಅಥವಾ ಹೆಚ್ಚು. ಮೂರರಲ್ಲಿ ಎತ್ತರವನ್ನು ನಂಬಬಾರದು. ಕ್ಯಾನನ್ ಜಿಪಿ-ಇ2ಕ್ಕೆ ತನ್ನದೇ ಒಂದು ಎಎ ಸೆಲ್ ಇದೆ, ಮಳೆಕಾಡಿಗೆ ನನಗೆ ಆ ಏರ್ಪಾಡೇ ಹಿಡಿಸುತ್ತದೆ.

ಯಾವುದಾದರೂ ಸರಿ, ಜೀಪಿನಿಂದಿಳಿದ ಕೂಡಲೇ ಮರದಡಿ ನುಗ್ಗಬಾರದು. ಪ್ರತಿ ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ನಡುವೆ ಒದ್ದೆ ಎಲೆ ಅಡ್ಡ ಬಂದು ಕಡಿದರೆ ಬಿಟ್ಟುಹೋದ ತುಂಡಿಗಾಗಿ ಮುಂದಿನ ಸುತ್ತಿನವರೆಗೆ ಕಾಯಬೇಕು. ಬಯಲಿನಲ್ಲಿ ಐದು ನಿಮಿಷ ನಿಂತು ಹೋಗುವುದೇ ಸರಿ.

ಮಳೆ ಜೋರಾಯಿತು. ಕರೆಂಟ್ ಹೋಯಿತು. ಕತ್ತಲಲ್ಲೇ ಅವನ ಪ್ರಶ್ನೆ: "ಈಗ ಸರಿಯಾಗಿದೆಯಲ್ಲ, ಫೈಲ್‌ಗಳನ್ನ ಗುಂಪಿಗೆ ಹಾಕ್ಲಾ?"

ಬೇಡವೇ ಬೇಡ ಎಂದೆ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಸ್ಥಳದ ಮಾಹಿತಿ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಪೂರ್ತಿ ಉಳಿಯುತ್ತದೆ, ಮತ್ತು ಇವರ ಗುಂಪಿನಲ್ಲಿ ಎಲ್ಲರೂ ಡಾಕ್ಯುಮೆಂಟ್ ಎಂದೇ ಕಳಿಸುತ್ತಾರೆ. ಇಷ್ಟು ಹೊತ್ತು ನಾವು ಸರಿಪಡಿಸಿದ್ದು ಒಂದು ಗೂಡಿನ ವಿಳಾಸ. ಹಂಚುವ ಪ್ರತಿಯ ಅಕ್ಷಾಂಶ, ರೇಖಾಂಶಗಳಲ್ಲಿ ದಶಾಂಶದ ನಂತರ ಎರಡೇ ಅಂಕಿ ಇರಲಿ, ಸುಮಾರು ಒಂದು ಕಿಲೋಮೀಟರ್ ಮಸುಕಾಗುತ್ತದೆ. ಪೂರ್ತಿ ಅಂಕಿ ಅವನ ಡಿಸ್ಕ್‌ನಲ್ಲಿರಲಿ.

ಇನ್ನೊಂದು ಉಳಿದಿದೆ. ದೊಡ್ಡ ಮರಗಳಡಿ ಎಂಟು ನಿಮಿಷ ಜಾಡೇ ಇಲ್ಲ, ಎಕ್ಸಿಫ್‌ಟೂಲ್ ಅಲ್ಲಿ ನೇರ ಗೆರೆ ಎಳೆದು ಜಾಗ ಊಹಿಸಿದೆ. ಅರ್ಧ ಗಂಟೆಯ ಅಂತರವಿದ್ದರೂ ಅದು ಸುಮ್ಮನೆ ಹಾಗೆ ಮಾಡುತ್ತದೆ, ಮಿತಿಯನ್ನು 60 ಸೆಕೆಂಡಿಗೆ ಇಳಿಸಬೇಕು. ಹಳ್ಳ ಅಲ್ಲಿ ಎಡಕ್ಕೆ ತಿರುಗುತ್ತದೆ, ಗೆರೆ ತಿರುಗಿಲ್ಲ. ಆ ಎಂಟು ನಿಮಿಷದ ಹನ್ನೊಂದು ಚಿತ್ರಗಳನ್ನು ಕೈಯಾರೆ ಕೂರಿಸೋಣವೆಂದರೆ, ಕರೆಂಟ್ ಇನ್ನೂ ಬಂದಿಲ್ಲ.