ಲಾರಿ ಲೋಡ್ ಮಾಡೋಕೂ ಎರಡು ವರ್ಷ ಓದಬೇಕಾ?

ನಾನು ಓದಿದ್ದು ಸಪ್ಲೈ ಚೈನ್ ಎಂಬಿಎ, ಅಂದರೆ ಮಾಲು ತಯಾರಾದಲ್ಲಿಂದ ಗಿರಾಕಿಯ ಕೈ ಸೇರುವವರೆಗಿನ ವ್ಯವಸ್ಥೆಯ ಓದು. ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಮದುವೆ ಮನೆಯಲ್ಲಿ ಕೇಳುತ್ತಾರೆ, ಮಗನನ್ನು ಎಂಬಿಎಗೆ ಸೇರಿಸಬೇಕೆಂದಿರುವ ಅಪ್ಪಂದಿರು ಫೋನ್ ಮಾಡಿ ಕೇಳುತ್ತಾರೆ. ಮೊದಲು ಕೇಳಿದವರು ದಾವಣಗೆರೆಯ ಚೌಕಿಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಸೋದರಮಾವ. “ಸಪ್ಲೈ ಚೈನ್ ಅಂದ್ರೆ ಏನ್ ಕಲಿಸ್ತಾರವ್ವಾ? ಲಾರಿ ಲೋಡ್ ಮಾಡೋದಾ?” ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಲಾರಿ ಹೊರಡುವ ಮುಂಚಿನ ಲೆಕ್ಕ ಕಲಿಸುತ್ತಾರೆ. ಎಷ್ಟು ತರಿಸಬೇಕು, ಯಾವಾಗ ತರಿಸಬೇಕು, ಎಷ್ಟು ಕೂಡಿಡಬೇಕು ಅನ್ನೋದು.

ಮಾವನ ಅಂಗಡಿಯ ಎಣ್ಣೆ ಟಿನ್ನನ್ನೇ ತೆಗೆದುಕೊಳ್ಳಿ. ವರ್ಷಕ್ಕೆ 360 ಟಿನ್ ಹೋಗುತ್ತವೆ ಅಂದುಕೊಳ್ಳೋಣ. ಒಂದು ಸಲ ತರಿಸಿದರೆ ಲಗೇಜ್ ಆಟೊ ಬಾಡಿಗೆ 200 ರೂಪಾಯಿ. ಒಂದು ಟಿನ್ ವರ್ಷವಿಡೀ ಗೋಡೌನಿನಲ್ಲಿ ಕೂತರೆ ಬಡ್ಡಿ, ಜಾಗ ಎಲ್ಲ ಸೇರಿ 160 ರೂಪಾಯಿ. ಹತ್ತು ಹತ್ತೇ ತರಿಸಿದರೆ ಬಾಡಿಗೆಯೇ 7200 ಆಗುತ್ತದೆ. ಒಟ್ಟಿಗೆ 60 ತರಿಸಿದರೆ ಬಾಡಿಗೆ ಉಳಿಯುತ್ತದೆ, ಆದರೆ ಇಟ್ಟುಕೊಂಡ ಖರ್ಚು 4800ಕ್ಕೆ ಏರುತ್ತದೆ (ದಿನದಿನ ಮಾರಾಟವಾಗುತ್ತಾ ಹೋಗುವುದರಿಂದ ಸರಾಸರಿ ಅರ್ಧ, ಅಂದರೆ 30 ಟಿನ್ ಗೋಡೌನಿನಲ್ಲಿರುತ್ತವೆ). ತಿಂಗಳಿಗೊಮ್ಮೆ 30 ಟಿನ್ ತರಿಸಿದರೆ ಬಾಡಿಗೆ 2400, ಇಟ್ಟ ಖರ್ಚೂ 2400. ಎರಡೂ ಸಮ ಆದ ಕಡೆಯೇ ಒಟ್ಟು ಖರ್ಚು ಕಡಿಮೆ. ಅಮೆರಿಕದ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲೇ ಈ ಸೂತ್ರ ಬರೆದಿಟ್ಟರು. ಕಾಗದದ ಮೇಲೆ ಬರೆದು ತೋರಿಸಿದಾಗ ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಕೂಡಿಸಿ ನೋಡಿದರು.

ಆದರೆ ನನ್ನ ಕಣ್ಣು ತೆರೆಸಿದ್ದು ಸೂತ್ರವಲ್ಲ, ಒಂದು ಆಟ. 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಬಿಯರ್ ಗೇಮ್’. ನಮ್ಮ ಮೇಡಂ ಬಿಯರ್ ಬದಲು ಮಂಡಕ್ಕಿ ಚೀಲ ಅಂದರು. ಒಬ್ಬ ಅಂಗಡಿಯವನು, ಒಬ್ಬ ಹೋಲ್‌ಸೇಲ್‌ನವನು, ಒಬ್ಬ ವಿತರಕ, ಒಬ್ಬಳು ಮಂಡಕ್ಕಿ ತಯಾರಿಸುವ ಭಟ್ಟಿಯವಳು. ಆ ಭಟ್ಟಿಯವಳು ನಾನೇ. ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ, ಚೀಟಿಯಲ್ಲಿ ಆರ್ಡರ್ ಬರೆದು ಹಿಂದಕ್ಕೆ ದಾಟಿಸಬೇಕು. ಮಾಲು ಬರಲು ಎರಡು ವಾರ ತಡ. ಗಿರಾಕಿ ವಾರಕ್ಕೆ 4 ಚೀಲ ಕೇಳುತ್ತಿದ್ದವನು ಒಂದು ಸಲ 8ಕ್ಕೆ ಏರಿಸಿದ, ಆಮೇಲೆ ಕೊನೆತನಕ 8ಕ್ಕೇ ನಿಂತ. ಅಷ್ಟೇ ಬದಲಾವಣೆ. ನನ್ನ ಕೈಗೆ ಬಂದ ಚೀಟಿಯಲ್ಲಿ ಮಾತ್ರ 30 ಅಂತ ಇತ್ತು! ಮುಂದಿನ ವಾರ ಇನ್ನೂ ಜಾಸ್ತಿ. ನಾನು ಹಗಲು ರಾತ್ರಿ ಭಟ್ಟಿ ಹಚ್ಚಿದೆ ಅಂತಲೇ ಇಟ್ಟುಕೊಳ್ಳಿ. ಅಷ್ಟರಲ್ಲಿ ಆರ್ಡರ್ ಸೊನ್ನೆಗೆ ಇಳಿಯಿತು, ಚೀಲಗಳೆಲ್ಲ ನನ್ನ ತಲೆಯ ಮೇಲೆ. ಯಾರೂ ಮೋಸ ಮಾಡಿರಲಿಲ್ಲ. ಸರಕು ಖಾಲಿಯಾದೀತು ಎಂಬ ಭಯದಲ್ಲಿ ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಜಾಸ್ತಿ ಬರೆದಿದ್ದರು. ಗಿರಾಕಿ ನಿಜವಾಗಿ ಕೇಳಿದ್ದೆಷ್ಟು ಅಂತ ನನಗೆ ಗೊತ್ತಿದ್ದರೆ ಸಾಕಿತ್ತು.

ಖರೀದಿ ಮತ್ತು ಗುಣಮಟ್ಟದ ಪಾಠ ಬಂದಾಗ ನನಗೆ ನೆನಪಾಗಿದ್ದು ನಮ್ಮ ಎಪಿಎಂಸಿಯ ಮೆಕ್ಕೆಜೋಳ. ಶೇ. 20 ತೇವ ಇರುವ 100 ಕೆಜಿ ಜೋಳವನ್ನು ಶೇ. 14ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 93 ಕೆಜಿ. ಒಣಗಿಸದೆ ಇಟ್ಟರೆ ಬೂಸ್ಟು ಹಿಡಿಯುತ್ತದೆ, ಕೋಳಿ ಆಹಾರಕ್ಕೂ ಆಗುವುದಿಲ್ಲ. ಆ ಏಳು ಕೆಜಿ ಯಾರ ಲೆಕ್ಕಕ್ಕೆ, ಒಣಗಿಸುವ ಖರ್ಚು ಯಾರದು ಎಂಬುದರ ಮೇಲೆಯೇ ದರ ನಿಲ್ಲುತ್ತದೆ. ರೈತರಿಗೆ ಇದು ಮೊದಲಿನಿಂದಲೂ ಗೊತ್ತು. ನಾನು ಮಾತ್ರ ಕ್ಲಾಸಿಗೆ ಹೋಗಿ ಕಲಿತೆ.

ಉಳಿದಂತೆ ಸಾಗಾಣಿಕೆ, ಗೋಡೌನ್ ಜೋಡಣೆ, ಜಿಎಸ್‌ಟಿ, ಇ-ವೇ ಬಿಲ್ (ಮಾಲು ಸಾಗಿಸುವಾಗ ಬೇಕಾಗುವ ಆನ್‌ಲೈನ್ ಪತ್ರ), ಕೊನೆಗೆ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಇರುತ್ತವೆ. ಎಸ್‌ಎಪಿ ಕಲಿಸ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ಅದು ಕಂಪನಿಗಳು ಲೆಕ್ಕ, ದಾಸ್ತಾನು ನೋಡಿಕೊಳ್ಳಲು ಬಳಸುವ ಸಾಫ್ಟ್‌ವೇರ್, ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು. ಕಾಲೇಜಿನಲ್ಲೇ ಗಟ್ಟಿಯಾಗಿ ಕಲಿಯಬೇಕಾದ್ದು ಸ್ಟ್ಯಾಟಿಸ್ಟಿಕ್ಸ್. ಬಿಕಾಂ ಮಾಡಿದವರಿಗೂ ಬರುತ್ತದೆ, ಹೆದರಬೇಡಿ. ಲೆಕ್ಕ ಅಂದರೇನೇ ಆಗದು ಎನ್ನುವವರು ಮಾತ್ರ ಸುಮ್ನೆ ಹಣ ಕಟ್ಟಬೇಡಿ.

ಮೊನ್ನೆ ಮಾವ ಫೋನ್ ಮಾಡಿದ್ದರು. ಶ್ರಾವಣಕ್ಕೆ ಎಣ್ಣೆ ಎಷ್ಟು ಟಿನ್ ಜಾಸ್ತಿ ತರಿಸಲಿ ಅಂತ ಕೇಳಿದರು. ಹಿಂದಿನ ಮೂರು ಶ್ರಾವಣದ ಮಾರಾಟದ ಲೆಕ್ಕ ಇದೆಯಾ ಮಾವ ಅಂದೆ. “ತಡಿಯವ್ವಾ, ಹಳೇ ಪುಸ್ತಕ ಅಟ್ಟದ ಮೇಲಿವೆ” ಅಂತ ಫೋನ್ ಇಟ್ಟರು.