ಎಲ್ಲ ಬಸುರಿಯರಿಗೂ ಅದೇ ನಾಲ್ಕು ಪ್ರಶ್ನೆ

ಅಮೆರಿಕದ ದಕ್ಷಿಣ ಕ್ಯಾರೊಲೈನಾದ ಒಂದು ಪ್ರಸೂತಿ ಕ್ಲಿನಿಕ್‌ನಲ್ಲಿ ನಾನು ನರ್ಸ್. ಮೊದಲ ಸಲ ತಪಾಸಣೆಗೆ ಬರುವ ಪ್ರತಿ ಬಸುರಿಗೂ, ಆಕೆ ವಕೀಲೆಯಾಗಿರಲಿ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳಾಗಿರಲಿ, ಅದೇ ನಾಲ್ಕು ಪ್ರಶ್ನೆ. ನಿಮ್ಮ ತಂದೆತಾಯಿಗೆ ಕುಡಿತ ಅಥವಾ ಡ್ರಗ್ಸ್‌ನ ತೊಂದರೆ ಇತ್ತಾ? ಸಂಗಾತಿಗೆ ಇದೆಯಾ? ನಿಮಗೆ ಹಿಂದೆ ಇತ್ತಾ? ಈ ಬಸಿರಿನಲ್ಲಿ? ಇಲ್ಲಿ ಇದನ್ನು 'ಫೋರ್ ಪೀಸ್', ಅಂದರೆ ನಾಲ್ಕು 'P' ಅಂತಾರೆ: ಪೇರೆಂಟ್ಸ್, ಪಾರ್ಟ್ನರ್, ಪಾಸ್ಟ್, ಪ್ರೆಗ್ನೆನ್ಸಿ. ಕೇಳುವಾಗ ಗಂಡನನ್ನೂ ಹೊರಗೆ ಕೂರಿಸುತ್ತೇವೆ.

ಮರ್ಯಾದಸ್ಥರ ಮನೆ ಹೆಂಗಸಿಗೆ ಇಂಥದ್ದು ಕೇಳೋದು ಹೇಗೆ ಅಂತ ಶುರುವಿನಲ್ಲಿ ನನಗೂ ಅಳುಕಿತ್ತು. ಆ ಅಳುಕೇ ತಪ್ಪು ಅಂತ ಗೊತ್ತಾಗಿದ್ದು ಫ್ಲಾರಿಡಾದ ಪಿನೆಲಾಸ್ ಕೌಂಟಿಯ ಅಧ್ಯಯನ ಓದಿದಾಗ. 1990ರಲ್ಲಿ ಪ್ರಕಟವಾದದ್ದು. ಬಿಳಿಯ ಬಸುರಿಯರಲ್ಲೂ ಕಪ್ಪು ಬಸುರಿಯರಲ್ಲೂ ಮಾದಕ ವಸ್ತು ಸಿಕ್ಕ ಪ್ರಮಾಣ ಹೆಚ್ಚುಕಡಿಮೆ ಒಂದೇ, ನೂರಕ್ಕೆ 14-15. ಆದರೆ ಸರ್ಕಾರಕ್ಕೆ ದೂರು ಹೋದದ್ದು ಕಪ್ಪು ಹೆಂಗಸರ ಮೇಲೆ ಸುಮಾರು 10 ಪಟ್ಟು ಹೆಚ್ಚು. ಮುಖ ನೋಡಿ ಕೇಳಿದರೆ ಆಗುವುದು ಇದೇ. ಇಲ್ಲಿನ ಪ್ರಸೂತಿ ತಜ್ಞರ ಸಂಘ ಎಸಿಒಜಿ ಎಲ್ಲರನ್ನೂ ಕೇಳಿ, ಬಾಯಿಮಾತಿನಲ್ಲಿ ಕೇಳಿ, ಮೂತ್ರ ಪರೀಕ್ಷೆ ಮಾಡುವುದಾದರೆ ಒಪ್ಪಿಗೆ ಪಡೆದೇ ಮಾಡಿ ಅನ್ನುತ್ತದೆ. ಮೂತ್ರ ಹೇಳುವುದು ಕೆಲವು ದಿನಗಳ ಕತೆ ಮಾತ್ರ. ಮಗುವಿನ ಮಿದುಳಿಗೆ ದೊಡ್ಡ ಪೆಟ್ಟು ಕೊಡುವ ಮದ್ಯ ಸಾಮಾನ್ಯ ಡ್ರಗ್ ಟೆಸ್ಟಿನಲ್ಲಿ ಕಾಣುವುದೂ ಇಲ್ಲ.

ನಮ್ಮಲ್ಲೇ ಎಲ್ಲರದೂ ಒಂದೇ ಅಭಿಪ್ರಾಯವಲ್ಲ. ಹಿರಿಯ ಡಾಕ್ಟರೊಬ್ಬರು ಗೋಳಾಡುವುದು ಹೊತ್ತಿಗೆ: ಹದಿನೈದು ನಿಮಿಷದಲ್ಲಿ ಬಿಪಿ ನೋಡಲೋ, ಬದುಕು ಕೇಳಲೋ? ಸೂಲಗಿತ್ತಿ ತರಬೇತಿ ಪಡೆದ ಗೆಳತಿಯ ಮಾತು ಇನ್ನೂ ಭಾರ. 'ಹೌದು ಅಂದವಳನ್ನು ನಾಳೆ ಬೆಳಿಗ್ಗೆ ಎಲ್ಲಿಗೆ ಕಳಿಸಲಿ ಹೇಳು. ಜಾಗ ಇಲ್ಲದಿದ್ದರೆ ಗಾಯ ಬಿಚ್ಚಿ ನೋಡಿ ಹಾಗೇ ಬಿಟ್ಟಂತೆ.' ಅಫೀಮು ಜಾತಿಯ ಚಟಕ್ಕೆ ಮೆಥಡೋನ್, ಬ್ಯೂಪ್ರೆನಾರ್ಫಿನ್ ಅನ್ನುವ ಔಷಧಿಗಳಿವೆ, ಬಸಿರಿನಲ್ಲೂ ಕೊಡುತ್ತಾರೆ. ಕೊಡುವವರು ಹತ್ತಿರ ಇರಬೇಕಲ್ಲ.

ಎಲ್ಲಕ್ಕಿಂತ ದೊಡ್ಡದು ಹೆದರಿಕೆ. ಇದೇ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿ 1989ರಿಂದ ಕೆಲ ವರ್ಷ, ಬಸುರಿಯರ ಮೂತ್ರದಲ್ಲಿ ಕೊಕೇನ್ ಸಿಕ್ಕರೆ ಆಸ್ಪತ್ರೆಯೇ ಪೊಲೀಸರಿಗೆ ತಿಳಿಸುತ್ತಿತ್ತು. ಬಂಧನಕ್ಕೊಳಗಾದವರು ಬಹುತೇಕ ಕಪ್ಪು ಹೆಂಗಸರು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿಗೆಯಿಲ್ಲದ ಅಂಥ ಪರೀಕ್ಷೆ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ತೀರ್ಪು ಬಂದರೇನು, ಓಣಿಗೆ ನೆನಪು ಇರುತ್ತದೆ. ಕೂಸನ್ನು ಕಿತ್ತುಕೊಂಡಾರು ಅನ್ನುವ ಭಯಕ್ಕೆ ತಪಾಸಣೆಗೇ ಬಾರದವರು ಇದ್ದಾರೆ. ಅದಕ್ಕೇ ನಾನು ಮೊದಲು ಹೇಳುವುದು ಉತ್ತರ ಯಾರಿಗೆ ಹೋಗುತ್ತದೆ, ಯಾರಿಗೆ ಹೋಗುವುದಿಲ್ಲ ಅಂತ. ಕಾನೂನು ನನ್ನನ್ನು ಬಾಯಿ ಬಿಡಿಸುವ ಸಂದರ್ಭ ಇದ್ದರೆ ಅದನ್ನೂ ಮುಚ್ಚಿಡುವುದಿಲ್ಲ. ಪ್ರಶ್ನೆ ಆಮೇಲೆ. ಕೆಲವರು ಆಗ ಸುಮ್ಮನಾಗಿಬಿಡುತ್ತಾರೆ. ಹಾಗಿದ್ದರೂ ಮೋಸ ಮಾಡಿ ಪಡೆದ ಉತ್ತರ ನನಗೆ ಬೇಡ.

ಊರಿನವರು ಇದನ್ನೆಲ್ಲ ಅಮೆರಿಕದ ರಗಳೆ ಅಂದುಕೊಳ್ಳಬೇಡಿ. ಶಿವಮೊಗ್ಗ ಕಡೆ ಕೆಲಸಕ್ಕಿದ್ದಾಗ ತಾಯಿ ಕಾರ್ಡು ತುಂಬಿಸುತ್ತಾ 'ತಂಬಾಕು ಉಂಟಾ?' ಅಂತ ಕೇಳುತ್ತಿದ್ದೆ. 'ಛೆ, ಇಲ್ಲಮ್ಮ' ಅನ್ನುತ್ತಿದ್ದರು. ಬರೆದು ಮುಂದೆ ಹೋಗುತ್ತಿದ್ದೆ. ಒಬ್ಬಾಕೆಯ ಕೆಂಪು ಬಾಯಿ ನೋಡಿ ಒಂದು ದಿನ 'ಎಲೆಅಡಿಕೆ ಜೊತೆ ಕಡ್ಡಿಪುಡಿ?' ಅಂದೆ. 'ಹ್ಞೂಂ, ಅದು ಊಟ ಆದಮೇಲೆ ಒಂಚೂರು, ದಿನಾ.' ಕಡ್ಡಿಪುಡಿಯೂ ತಂಬಾಕೇ. ಅಗಿಯುವ ತಂಬಾಕಿನಿಂದ ಕೂಸಿನ ತೂಕ ಕಡಿಮೆಯಾಗುತ್ತದೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವೂ ಹೆಚ್ಚು. ಆಕೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದು ಅವಳ ಮಾತಿನಲ್ಲಿ ಇರಲಿಲ್ಲ, ಅಷ್ಟೇ. ಅಲ್ಲಿಯವರೆಗೆ ನಾನು 'ಇಲ್ಲ' ಅಂತ ಬರೆದ ಕಾರ್ಡುಗಳು ಎಷ್ಟೋ.